ಉರಿಮೂತ್ರ ಮತ್ತೆ ಮತ್ತೆ ಮರುಕಳಿಸದಂತೆ ತಡೆಯುವ ಬಗೆ

ಕಲಬುರಗಿ ಸೀಮೆಯಲ್ಲಿ ಉರಿಮೂತ್ರ ಕಾಣಿಸಿಕೊಂಡರೆ ‘ಉಷ್ಣ ಆಗ್ಯಾದ’ ಎನ್ನುವುದು ವಾಡಿಕೆ, ಮತ್ತು ಆ ಮಾತಿನಲ್ಲಿ ಅರ್ಧ ಸತ್ಯವಿದೆ. ಉರಿಮೂತ್ರ ತರುವ ಮೂತ್ರದ ಸೋಂಕನ್ನು ಉಂಟುಮಾಡುವುದು ಬಹುಪಾಲು ನಮ್ಮದೇ ಕರುಳಿನಲ್ಲಿರುವ ಇ. ಕೋಲಿ ಬ್ಯಾಕ್ಟೀರಿಯಾ, ಆದರೆ ನಲವತ್ತು ಡಿಗ್ರಿ ದಾಟುವ ಬಿಸಿಲಿನಲ್ಲಿ ಕುಡಿದ ನೀರೆಲ್ಲ ಬೆವರಾಗಿ ಹೋಗಿ ಮೂತ್ರ ಕಡಿಮೆಯಾದಾಗ, ಮೂತ್ರಕೋಶದಿಂದ ಬ್ಯಾಕ್ಟೀರಿಯಾವನ್ನು ತೊಳೆದು ಹಾಕುವ ಹರಿವೂ ಕುಗ್ಗುತ್ತದೆ. ಆರು ತಿಂಗಳಲ್ಲಿ ಎರಡು ಸಲ ಅಥವಾ ವರ್ಷದಲ್ಲಿ ಮೂರು ಸಲ ಸೋಂಕಾದರೆ ವೈದ್ಯರು ಅದನ್ನು ಮರುಕಳಿಸುವ ಸೋಂಕು ಎನ್ನುತ್ತಾರೆ.

ಮೊದಲ ಉಪಾಯ ನೀರು. ದಿನಕ್ಕೆ ಒಂದೂವರೆ ಲೀಟರಿಗಿಂತ ಕಡಿಮೆ ದ್ರವ ಸೇವಿಸುತ್ತಿದ್ದ 140 ಮಹಿಳೆಯರ ಮೇಲಿನ, 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿತ್ಯ ಒಂದೂವರೆ ಲೀಟರ್ ನೀರನ್ನು ಹೆಚ್ಚುವರಿಯಾಗಿ ಕುಡಿದವರಿಗೆ ವರ್ಷದಲ್ಲಿ ಸರಾಸರಿ 1.7 ಸಲ ಸೋಂಕಾದರೆ, ಉಳಿದವರಿಗೆ 3.2 ಸಲ ಆಯಿತು. ಆದರೆ ನಮ್ಮಲ್ಲಿ ತೊಗರಿ ಹೊಲದಲ್ಲಿ ಕಳೆ ತೆಗೆಯುವ ಹೆಣ್ಣುಮಕ್ಕಳೂ, ಬೀದರಿನಿಂದ ಬೆಂಗಳೂರಿಗೆ ರಾತ್ರಿ ಬಸ್ಸು ಹತ್ತುವವರೂ ನೀರು ಕುಡಿಯದಿರುವುದು ಅಜ್ಞಾನದಿಂದಲ್ಲ, ಹೋಗಲು ಮರೆಯಾದ ಜಾಗವಿಲ್ಲದ್ದರಿಂದ. ಆದ್ದರಿಂದ ಹೊರಡುವ ಮುನ್ನ ಮೂತ್ರ ಮಾಡಿ, ಮೂರು-ನಾಲ್ಕು ತಾಸಿಗೊಮ್ಮೆ ಹೋಗಲು ಅನುಕೂಲವಿರುವ ಜಾಗವನ್ನು ಮೊದಲೇ ನೋಡಿಟ್ಟುಕೊಂಡು, ಮನೆಯಲ್ಲಿರುವ ಬೆಳಿಗ್ಗೆ ಮತ್ತು ಸಂಜೆಯ ಹೊತ್ತಿನಲ್ಲಿ ನೀರು, ಮಜ್ಜಿಗೆಯನ್ನು ಹೆಚ್ಚಿಸಿಕೊಳ್ಳುವುದು ಕಾರ್ಯಸಾಧ್ಯ. ಹೃದಯ ಅಥವಾ ಮೂತ್ರಪಿಂಡದ ಕಾಯಿಲೆಯಿಂದಾಗಿ ನೀರಿಗೆ ಮಿತಿ ಇರುವವರು ವೈದ್ಯರನ್ನು ಕೇಳದೆ ಹೀಗೆ ಮಾಡಬಾರದು.

ಸಂಭೋಗದ ನಂತರ ಮೂತ್ರ ಮಾಡುವುದು, ಮುಂದಿನಿಂದ ಹಿಂದಕ್ಕೆ ಸ್ವಚ್ಛಗೊಳಿಸುವುದು ಖರ್ಚಿಲ್ಲದ ಅಭ್ಯಾಸಗಳು. ಯೋನಿಯ ಒಳಭಾಗವನ್ನು ಸೋಪು, ಡೆಟಾಲ್‌ನಿಂದ ತೊಳೆಯಬಾರದು. ಅಲ್ಲಿರುವ ಕಾಪಾಡುವ ಬ್ಯಾಕ್ಟೀರಿಯಾವೂ ಅದರಿಂದ ನಾಶವಾಗುತ್ತದೆ. ಮುಟ್ಟು ನಿಂತವರಲ್ಲಿ ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕುಗ್ಗಿದಾಗ ಇದೇ ರಕ್ಷಣೆ ತಪ್ಪುವುದರಿಂದ, ಯೋನಿಗೆ ಹಚ್ಚುವ ಈಸ್ಟ್ರೋಜನ್ ಕ್ರೀಮು ಅವರಿಗೆ ಸಾಕಷ್ಟು ಆಧಾರವಿರುವ ಚಿಕಿತ್ಸೆಯಾಗಿದೆ. ನಾಚಿಕೆ ಬಿಟ್ಟು ಸ್ತ್ರೀರೋಗ ತಜ್ಞರಲ್ಲಿ ಇದನ್ನು ಕೇಳಬೇಕು, ಸ್ತನ ಕ್ಯಾನ್ಸರ್ ಆಗಿದ್ದರೆ ಅದನ್ನೂ ತಿಳಿಸಬೇಕು.

ಸೋಂಕು ಮರುಕಳಿಸದಂತೆ ತಡೆಯಲು ಕೊಡುವ ಮೆಥೆನಮೀನ್ ಹಿಪ್ಯುರೇಟ್ ಮಾತ್ರೆ ಆ್ಯಂಟಿಬಯಾಟಿಕ್ ಅಲ್ಲ. 2022ರಲ್ಲಿ ಪ್ರಕಟವಾದ ಬ್ರಿಟನ್ನಿನ 240 ಮಹಿಳೆಯರ ಅಧ್ಯಯನದಲ್ಲಿ ಅದು ಸೋಂಕು ತಡೆಯಲು ನಿತ್ಯ ನುಂಗುವ ಆ್ಯಂಟಿಬಯಾಟಿಕ್‌ಗೆ ಬದಲಿಯಾಗಬಲ್ಲದೆಂದು ಕಂಡುಬಂತು. ಅದು ಆಮ್ಲೀಯ ಮೂತ್ರದಲ್ಲಿ ಮಾತ್ರ ಕೆಲಸ ಮಾಡುವುದರಿಂದ, ಉರಿ ತಣಿಸಲು ಅಂಗಡಿಯಲ್ಲಿ ಕೊಡುವ ಕ್ಷಾರೀಯ ಸಿರಪ್ಪನ್ನು ಅದರ ಜೊತೆ ಕುಡಿದರೆ ಮಾತ್ರೆಯ ಪ್ರಯೋಜನ ತಗ್ಗುತ್ತದೆ. ಕ್ರ್ಯಾನ್‌ಬೆರಿ ಎಂಬ ಹುಳಿ ಹಣ್ಣಿನಿಂದ ಕೆಲವರಿಗೆ ಲಾಭವುಂಟು, ಸಕ್ಕರೆ ಬೆರೆಸಿದ ರಸ ಮಧುಮೇಹಿಗಳಿಗೆ ಸಲ್ಲದು. ಇದೇ ಉದ್ದೇಶಕ್ಕೆ ಮಾರುವ ಡಿ-ಮ್ಯಾನೋಸ್ ಎಂಬ ಸಕ್ಕರೆಯ ಪುಡಿಗೆ ಹಣ ಸುರಿಯಲು ನಾನಂತೂ ಹೇಳಲಾರೆ; 2024ರ ದೊಡ್ಡ ಪ್ರಯೋಗದಲ್ಲಿ ಅದು ಫಲ ಕೊಡಲಿಲ್ಲ.

ಉರಿ ಶುರುವಾದಾಗ ಹಳೆಯ ಚೀಟಿ ತೋರಿಸಿ ಅದೇ ಮಾತ್ರೆ ತರುವ ಬದಲು, ಮೊದಲ ಗುಳಿಗೆ ನುಂಗುವ ಮುನ್ನವೇ ಮೊದಲ ಧಾರೆ ಬಿಟ್ಟು ಹಿಡಿದ ನಡುಧಾರೆಯ ಮೂತ್ರವನ್ನು, ಯಾವ ಬ್ಯಾಕ್ಟೀರಿಯಾ, ಅದಕ್ಕೆ ಯಾವ ಔಷಧ ನಾಟುತ್ತದೆ ಎಂದು ನೋಡುವ ಕಲ್ಚರ್ ಪರೀಕ್ಷೆಗೆ ಕೊಡಬೇಕು. ಯಾವ ಲಕ್ಷಣವೂ ಇಲ್ಲದೆ ವರದಿಯಲ್ಲಿ ಮಾತ್ರ ಬ್ಯಾಕ್ಟೀರಿಯಾ ಕಂಡರೆ ಸಾಮಾನ್ಯವಾಗಿ ಔಷಧ ಬೇಕಿಲ್ಲ. ಆದರೆ ಗರ್ಭಿಣಿಯರಿಗೆ ಆಗಲೂ ಚಿಕಿತ್ಸೆ ಬೇಕು. ಚಳಿಜ್ವರ, ಪಕ್ಕೆನೋವು ಅಥವಾ ವಾಂತಿ ಜೊತೆಗೂಡಿದರೆ ಸೋಂಕು ಮೂತ್ರಪಿಂಡಕ್ಕೇರಿರುವ ಸಂಭವವಿರುವುದರಿಂದ, ಮನೆಮದ್ದಿನಲ್ಲಿ ಹೊತ್ತು ಕಳೆಯದೆ ಅಂದೇ ಆಸ್ಪತ್ರೆಗೆ ಹೋಗಬೇಕು. ಆಗ ಆ್ಯಂಟಿಬಯಾಟಿಕ್ ಬೇಕೇ ಬೇಕು.