ಡೆಬಿಯನ್ ಲಿನಕ್ಸ್‌ನಲ್ಲಿ ವೈಫೈ ಬರ್ತಿಲ್ವಾ? ಟರ್ಮಿನಲ್‌ನಿಂದಾನೇ ಸರಿ ಮಾಡೋದು ಹೀಗೆ

ವೈಫೈ ಬರ್ತಿಲ್ಲ ಅಂದ ತಕ್ಷಣ ಓಎಸ್ ಪೂರ್ತಿ ತೆಗೆದು ಮತ್ತೆ ಹಾಕೋರನ್ನ ತುಂಬಾ ನೋಡಿದೀನಿ, ದಯವಿಟ್ಟು ಹಾಗೆ ಮಾಡ್ಬೇಡಿ, ಏನು ಕಮ್ಮಿ ಆಗಿದೆ ಅಂತ ಸಿಸ್ಟಮ್ಮೇ ಬರೆದಿಟ್ಟಿರತ್ತೆ, ಓದಬೇಕು ಅಷ್ಟೆ.

ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಇರೋದು ಇಂಟೆಲ್ ಕಾರ್ಡ್. ಡೆಸ್ಕ್‌ಟಾಪ್ (ಐಕಾನ್, ವಿಂಡೋ ಇರೋ ಸ್ಕ್ರೀನ್) ಇಲ್ಲದೆ ಡೆಬಿಯನ್ 11 ಹಾಕಿ, ಕೇಬಲ್ ಚುಚ್ಚಿ 12ಕ್ಕೆ ಅಪ್‌ಗ್ರೇಡ್ ಮಾಡಿದ್ದೆ, ವೈಫೈ ಮಾತ್ರ ಇಲ್ಲ.

ಮೊದಲು ಒಳಗಿರೋ ಕಾರ್ಡ್‌ಗಳನ್ನ ಪಟ್ಟಿ ಮಾಡೋ ಎಲ್‌ಎಸ್‌ಪಿಸಿಐ ಕಮಾಂಡ್‌ಗೆ ಹೈಫನ್ ಎನ್‌ಎನ್‌ಕೆ ಸೇರಿಸಿ ಹೊಡೀರಿ. ನೆಟ್‌ವರ್ಕ್ ಕಂಟ್ರೋಲರ್ ಸಾಲಲ್ಲಿ 8086 ಕಂಡ್ರೆ ಅದು ಇಂಟೆಲ್, ಅದರ ಕೆಳಗೆ ಮಾಡ್ಯೂಲ್ಸ್ ಅನ್ನೋ ಕಡೆ ಐಡಬ್ಲ್ಯೂಎಲ್‌ವೈಫೈ ಅಂತಿದ್ರೆ ಡ್ರೈವರ್ (ಕಾರ್ಡ್ ಓಡಿಸೋ ಸಾಫ್ಟ್‌ವೇರ್) ಕರ್ನಲ್‌ನಲ್ಲೇ, ಅಂದ್ರೆ ಓಎಸ್‌ನ ತಿರುಳಲ್ಲೇ ಇದೆ, ಹುಡುಕೋದು ಬೇಡ. ಆಮೇಲೆ ಸುಡೋ (ಅಡ್ಮಿನ್ ಅಧಿಕಾರ ಕೊಡೋ ಕಮಾಂಡ್) ಹಾಕಿ ಕರ್ನಲ್ ಬರೆದಿಟ್ಟಿರೋ ಸಂದೇಶ ತೋರ್ಸೋ ಡಿಮೆಸೇಜ್ ನೋಡಿ (ಡಿಎಂಇಎಸ್‌ಜಿ ಅಂತ ಟೈಪ್ ಮಾಡ್ಬೇಕು, ಸುಡೋ ಇಲ್ದಿದ್ರೆ ಡೆಬಿಯನ್ ತೋರ್ಸಲ್ಲ), ಅದರಲ್ಲಿ ಫರ್ಮ್‌ವೇರ್ (ಕಾರ್ಡ್ ಒಳಗೇ ಓಡೋ ಪುಟ್ಟ ಸಾಫ್ಟ್‌ವೇರ್) ಲೋಡ್ ಆಗಲಿಲ್ಲ ಅಂತ ಸಾಲು ಸಿಕ್ಕಿದ್ರೆ ರೋಗ ಗೊತ್ತಾಯ್ತು.

ಡೆಬಿಯನ್ 11ರ ಮಾಮೂಲಿ ಐಎಸ್‌ಓದಲ್ಲಿ (ಇನ್‌ಸ್ಟಾಲ್ ಮಾಡೋ ಫೈಲ್‌ನಲ್ಲಿ) ಈ ಫರ್ಮ್‌ವೇರ್ ಇರ್ತಿರಲಿಲ್ಲ, 2023ರಲ್ಲಿ ಬಂದ 12ರಿಂದ ಐಎಸ್‌ಓ ಒಳಗೇ ಕೊಡ್ತಾರೆ, ಆದ್ರೆ ಅಪ್‌ಗ್ರೇಡ್ ಮಾಡಿದೋರು ಪ್ಯಾಕೇಜ್ ಎಲ್ಲಿಂದ ತರಬೇಕು ಅಂತ ಹೇಳೋ ಸೋರ್ಸಸ್ ಲಿಸ್ಟ್ ಫೈಲ್‌ನಲ್ಲಿ ಮೇನ್ ಪಕ್ಕ 'ನಾನ್-ಫ್ರೀ-ಫರ್ಮ್‌ವೇರ್' ಅಂತ ಕೈಯಾರೆ ಸೇರಿಸ್ಬೇಕು. ಸೇರಿಸಿ, ಆಪ್ಟ್ ಅಪ್‌ಡೇಟ್ ಮಾಡಿ, ಫರ್ಮ್‌ವೇರ್-ಐಡಬ್ಲ್ಯೂಎಲ್‌ವೈಫೈ ಪ್ಯಾಕೇಜ್ ಹಾಕಿ, ಜೊತೆಗೆ ವೈಫೈ ಕನೆಕ್ಷನ್ ನೋಡ್ಕೊಳ್ಳೋ ನೆಟ್‌ವರ್ಕ್-ಮ್ಯಾನೇಜರ್ ಕೂಡ. ಕೇಬಲ್ ಇಲ್ವಾ? ಆಂಡ್ರಾಯ್ಡ್ ಫೋನ್ ಚುಚ್ಚಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, 'ಐಪಿ ಲಿಂಕ್' ಅಂದ್ರೆ ಹೊಸದೊಂದು ಇಂಟರ್‌ಫೇಸ್ ಕಾಣತ್ತೆ, ಸುಡೋ ಹಾಕಿ ಡಿಎಚ್‌ಕ್ಲೈಂಟ್ ಮುಂದೆ ಅದರ ಹೆಸರು ಕೊಡಿ, ನೆಟ್ ಬರತ್ತೆ.

ರೀಬೂಟ್ ಮಾಡಿದ್ಮೇಲೆ ಐಪಿ ಲಿಂಕ್‌ನಲ್ಲಿ ಡಬ್ಲ್ಯೂಎಲ್‌ನಿಂದ ಶುರುವಾಗೋ ಹೆಸರು ಬರ್ಬೇಕು. ಬಂದ್ರೂ ಕೆಲಸ ಮಾಡ್ತಿಲ್ಲ ಅಂದ್ರೆ 'ಆರ್‌ಎಫ್‌ಕಿಲ್ ಲಿಸ್ಟ್' ನೋಡಿ, ಸಾಫ್ಟ್ ಬ್ಲಾಕ್ ಆಗಿದ್ರೆ 'ಆರ್‌ಎಫ್‌ಕಿಲ್ ಅನ್‌ಬ್ಲಾಕ್ ವೈಫೈ' ಸಾಕು, ಹಾರ್ಡ್ ಬ್ಲಾಕ್ ಅಂದ್ರೆ ಲ್ಯಾಪ್‌ಟಾಪ್ ಮೈಮೇಲೆ ಇರೋ ಸ್ವಿಚ್ಚನ್ನೋ ಕೀನೋ ಒತ್ತಬೇಕು, ಕಮಾಂಡ್‌ಗೆ ಬಗ್ಗಲ್ಲ.

ನಂಗೆ ಒಂದು ಸಂಜೆ ಪೂರ್ತಿ ತಿಂದಿದ್ದು ಇದು: ನೆಟ್‌ವರ್ಕ್ ಮ್ಯಾನೇಜರ್‌ನ ಕಮಾಂಡ್ 'ಎನ್‌ಎಂಸಿಎಲ್‌ಐ ಡಿವೈಸ್' ಹೊಡೆದ್ರೆ ಕಾರ್ಡ್ ಪಕ್ಕ 'ಅನ್‌ಮ್ಯಾನೇಜ್ಡ್' ಅಂತ ಬರ್ತಿತ್ತು. ಇಟಿಸಿ ಒಳಗೆ ನೆಟ್‌ವರ್ಕ್ ಫೋಲ್ಡರ್‌ನಲ್ಲಿ ಇಂಟರ್‌ಫೇಸಸ್ ಅಂತ ಫೈಲ್ ಇದೆ, ಅದರಲ್ಲಿ ಕಾರ್ಡ್ ಹೆಸರಿದ್ರೆ ನೆಟ್‌ವರ್ಕ್ ಮ್ಯಾನೇಜರ್ ಅದನ್ನ ಮುಟ್ಟಲ್ಲ, ಆ ಸಾಲುಗಳ ಮುಂದೆ ಹ್ಯಾಶ್ (#) ಹಾಕಿ ನೆಟ್‌ವರ್ಕ್ ಮ್ಯಾನೇಜರ್ ಸರ್ವಿಸ್ ರೀಸ್ಟಾರ್ಟ್ ಮಾಡಿ.

ಕೊನೆಗೆ 'ಎನ್‌ಎಂಸಿಎಲ್‌ಐ ಡಿವೈಸ್ ವೈಫೈ ಕನೆಕ್ಟ್' ಮುಂದೆ ನಿಮ್ಮ ವೈಫೈ ಹೆಸರು. ಎನ್‌ಎಂಸಿಎಲ್‌ಐ ಆದ ಕೂಡ್ಲೆ ಎರಡು ಹೈಫನ್ ಆಸ್ಕ್ ಸೇರಿಸಿ, ಪಾಸ್‌ವರ್ಡ್ ಅದೇ ಕೇಳತ್ತೆ, ಟರ್ಮಿನಲ್ ಹಿಸ್ಟರಿಯಲ್ಲೂ ಉಳಿಯಲ್ಲ.