ತೆರಿಗೆ ಹಣ ಸೋರದಂತೆ ಪುರಸಭೆಯಲ್ಲಿ ನಾವು ಪಾಲಿಸಿದ ಕ್ರಮ

ಆಸ್ತಿ ತೆರಿಗೆ ಹಣ ಹೆಚ್ಚಾಗಿ ಕೈಜಾರುವುದು ರಸೀದಿ ಹರಿಯುವಾಗಲೇ. ಏಪ್ರಿಲ್‌ನಲ್ಲಿ ಕಟ್ಟಿದವರಿಗೆ ಶೇ 5 ರಿಯಾಯಿತಿ, ಜುಲೈಯಿಂದ ತಿಂಗಳಿಗೆ ಶೇ 2 ದಂಡ. 4,000 ರೂಪಾಯಿ ತೆರಿಗೆಗೆ ಆಗಸ್ಟ್‌ನಲ್ಲಿ 4,160 ವಸೂಲಿ ಮಾಡಿ, ಕಚೇರಿ ಪ್ರತಿಯಲ್ಲಿ ಏಪ್ರಿಲ್ ತಾರೀಕು ಹಾಕಿ 3,800 ಬರೆದರೆ 360 ರೂಪಾಯಿ ಜೇಬಿಗೆ. ಇದನ್ನು ತಡೆಯಲು ಏಪ್ರಿಲ್ 30ರ ಸಂಜೆ ಪ್ರತಿ ರಸೀದಿ ಪುಸ್ತಕದ ಕೊನೆಯ ಸಂಖ್ಯೆಯ ಕೆಳಗೆ ಗೆರೆ ಎಳೆದು ಮುಖ್ಯಾಧಿಕಾರಿಯ ಸಹಿ ಹಾಕಿಸಿದೆವು. ಜೂನ್ 30ಕ್ಕೂ ಹಾಗೆಯೇ. ಆಮೇಲೆ ಹಿಂದಿನ ತಾರೀಕು ಹಾಕಲು ಹಾಳೆಯೇ ಉಳಿಯುವುದಿಲ್ಲ. ಬಿಲ್ ಕಲೆಕ್ಟರ್ ಹತ್ತಿರ ಒಂದೇ ಪುಸ್ತಕ. ಅದು ಮರಳಿ ಬಂದು ಹಾಳೆ ಎಣಿಸಿದ ಮೇಲೆಯೇ ಇನ್ನೊಂದು. ರದ್ದಾದ ರಸೀದಿಯ ಮೂಲಪ್ರತಿ ಪುಸ್ತಕದಲ್ಲೇ ಅಂಟಿರಬೇಕು. ಇಲ್ಲದಿದ್ದರೆ ಅದು ರದ್ದಾಗಿಲ್ಲ, ಹಣ ಬಂದಿದೆ ಎಂದೇ ಲೆಕ್ಕ.

ಇದಕ್ಕಿಂತ ಕಷ್ಟದ್ದು, ಇಂದಿನ ವಸೂಲಿಯಿಂದ ನಿನ್ನೆಯ ಕೊರತೆ ಮುಚ್ಚುವ ಚಾಳಿ. ಒಟ್ಟು ಮೊತ್ತ ಮಾತ್ರ ನೋಡುವವರಿಗೆ ಇದು ಎಂದೂ ಕಾಣದು. ರಸೀದಿಗಳ ಪ್ರಕಾರ ನಗದು 40,000, ಚೆಕ್ 10,000. ಬ್ಯಾಂಕ್ ಚಲನ್‌ನಲ್ಲಿ ನಗದು 25,000, ಚೆಕ್ 25,000 ಎಂದುಕೊಳ್ಳಿ. ಮೊತ್ತ ಒಂದೇ, ಆದರೆ ರಸೀದಿ ಹರಿಯದ 15,000ದ ಚೆಕ್ಕೊಂದು, ಜೇಬಿಗೆ ಹೋದ ನಗದಿನ ಜಾಗಕ್ಕೆ ಬಂದು ಕೂತಿದೆ. ಹಾಗಾಗಿ ನಗದು, ಚೆಕ್ ಎರಡನ್ನೂ ಬೇರೆ ಬೇರೆಯಾಗಿಯೇ ತಾಳೆ ನೋಡಿದೆವು. ನೋಟುಗಳ ವಿವರವನ್ನು ಕ್ಯಾಶ್ ಬುಕ್‌ನಲ್ಲಿ ಬರೆಸಿ, ಹಣವನ್ನು ಅಂದೇ, ತಪ್ಪಿದರೆ ಮರುದಿನ ಬೆಳಿಗ್ಗೆ ಜಮಾ ಮಾಡಿಸಿದೆವು. ಎರಡು ದಿನ ತಡವಾದರೆ ಲಿಖಿತ ಕಾರಣ ಕೇಳಲೇಬೇಕು.

ಹಣ ಪಡೆಯುವವರಿಗೆ ಬೇಡಿಕೆ, ಅಂದರೆ ಯಾರು ಎಷ್ಟು ತೆರಿಗೆ ಕಟ್ಟಬೇಕೆಂಬ ಲೆಕ್ಕ, ತಿದ್ದುವ ಲಾಗಿನ್ ಕೊಡಲಿಲ್ಲ. ಮೇಲಧಿಕಾರಿಯ ಪಾಸ್‌ವರ್ಡ್ ಗುಮಾಸ್ತರ ಡೈರಿಯಲ್ಲಿದ್ದರೆ ಈ ವಿಂಗಡಣೆಗೆ ಅರ್ಥವೇ ಇಲ್ಲ. ಎಷ್ಟೋ ಕಡೆ ಕೆಡುವುದು ಇಲ್ಲೇ. ಬೌನ್ಸ್ ಆದ ಚೆಕ್ಕಿನ ಜಮೆಯನ್ನು ಲೆಡ್ಜರಿನಿಂದ ತೆಗೆದಿದ್ದಾರೆಯೇ ಎಂದು ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ಪ್ರತಿ ತಿಂಗಳು ನೋಡಿದೆವು. ಕೌಂಟರಿನ ಕ್ಯೂಆರ್ ಸ್ಟಿಕರಿಗೆ ದಿನಾ ಬೆಳಿಗ್ಗೆ 1 ರೂಪಾಯಿ ಕಳಿಸಿ, ಪರದೆಯಲ್ಲಿ ಪುರಸಭೆಯ ಹೆಸರೇ ಬರುತ್ತದೆಯೇ ಎಂದೂ ಪರೀಕ್ಷಿಸಿದೆವು.

ಕೊನೆಗೆ ಬಾಕಿ ಪಟ್ಟಿ. ಅದರಿಂದ ತಿಂಗಳಿಗೆ 20 ಮನೆಗಳನ್ನು ಆರಿಸಿ, ಆ ವಾರ್ಡಿನವರಲ್ಲದ ಸಿಬ್ಬಂದಿಯನ್ನು ಕಳಿಸಿ, ಅವರ ಮೂಲಕ ಮನೆಯವರನ್ನು ಕೇಳಿದ್ದು ಒಂದೇ ಮಾತು: “ತೆರಿಗೆ ಕಟ್ಟಿದ ರಸೀದಿ ಇದ್ದರೆ ತೋರಿಸ್ತೀರಾ?”