ಪತ್ರಿಕೆ ಫೋಟೋದ ಚುಕ್ಕೆ ಹೋಯಿತು, ಕಣ್ಣು ಉಳಿಯಿತು

ಹಳೇ ವಾರಪತ್ರಿಕೆಯಲ್ಲಿ ಅಚ್ಚಾದ ಕಪ್ಪುಬಿಳುಪು ಫೋಟೋ ಸ್ಕ್ಯಾನ್ ಮಾಡಿ, ಗೋಡೆಗೆ ಹಾಕುವಂಥ 8×10 ಇಂಚಿನ ಪ್ರಿಂಟ್ ತೆಗೆಯಬಹುದು ಅಂದಾಗ ಸ್ಟುಡಿಯೋ ನಡೆಸುವ ಗೆಳೆಯರಲ್ಲಿ ಒಬ್ಬರೂ ನಂಬಲಿಲ್ಲ. ಅಚ್ಚಿನ ಫೋಟೋ ಸಣ್ಣ ಸಣ್ಣ ಮಸಿ ಚುಕ್ಕೆಗಳಿಂದಲೇ ಆಗಿರುತ್ತದೆ, ಹಿಗ್ಗಿಸಿದರೆ ಅವೇ ಎದ್ದು ಕಾಣುತ್ತವೆ. ಚುಕ್ಕೆ ತೆಗೆದರೆ ಮುಖ ಹೋಗುತ್ತದೆ, ಮುಖ ಉಳಿಸಿದರೆ ಚುಕ್ಕೆ ಉಳಿಯುತ್ತದೆ, ಎರಡೂ ಬೇಕು ಅಂದರೆ ಆಗದು ಅನ್ನುವುದೇ ಎಲ್ಲರ ವಾದ. "ರಂಗೋಲಿ ಚುಕ್ಕೆ ಎಣಿಸ್ತಾ ಕೂತಿದ್ದೀಯ, ಬಿಡು ಮಾರಾಯ" ಅಂದವರೂ ಉಂಟು. ಈಗ ನಲವತ್ತಕ್ಕೂ ಹೆಚ್ಚು ಫೋಟೋ ಇದೇ ವಿಧಾನದಲ್ಲಿ ಮುಗಿಸಿ ಕೊಟ್ಟಿದ್ದೇನೆ. ಆಗ ಬೇಡ ಅಂದವರಲ್ಲಿ ಇಬ್ಬರು ಇಂಥ ಕೆಲಸ ಬಂದರೆ ನನಗೇ ಕಳಿಸುತ್ತಾರೆ.

ಮೊದಲು ಕಳೆದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ಪ್ರಿಂಟರ್ ಜೊತೆ ಸ್ಕ್ಯಾನರ್ ಇರುವ ಒಂದು ಯಂತ್ರಕ್ಕೆ 6 ಸಾವಿರ. ಅದರದ್ದು ಸಿಐಎಸ್ ಸೆನ್ಸರ್. ಹಾಳೆ ಗಾಜಿನಿಂದ ಒಂದೆರಡು ಮಿಲಿಮೀಟರ್ ಎದ್ದರೂ ಫೋಕಸ್ ತಪ್ಪುತ್ತದೆ, ಹಾಗಾಗಿ ಬೈಂಡಿಂಗ್ ಪಕ್ಕದ ಫೋಟೋ ಅರ್ಧ ಚುಕ್ಕೆ, ಅರ್ಧ ಮಂಜು. ಚುಕ್ಕೆ ತೆಗೆಯುವ ಪ್ಲಗಿನ್ ಒಂದಕ್ಕೆ 4,500. ಅದು ಮಾಡುತ್ತಿದ್ದುದು ಬರೀ ಬ್ಲರ್. ಹೊರಗೆ ಪುಟಕ್ಕೆ 40 ರೂಪಾಯಿಯಂತೆ ಮೂವತ್ತು ಪುಟ ಸ್ಕ್ಯಾನ್ ಮಾಡಿಸಿದೆ, 300 ಡಿಪಿಐ (ಇಂಚಿಗೆ 300 ಪಿಕ್ಸೆಲ್) ಜೆಪೆಗ್ ಬಂತು. ಒಂದು ಚುಕ್ಕೆಗೆ ಬರೀ 3 ಪಿಕ್ಸೆಲ್, ಅದರ ಮೇಲೆ ಜೆಪೆಗ್‌ನ 8×8 ಪಿಕ್ಸೆಲ್ ಚೌಕದ ಗುರುತು (ಫೈಲ್ ಕುಗ್ಗಿಸುವಾಗ ಬೀಳುವಂಥದ್ದು). ಅಂಥ ಫೈಲಿನಿಂದ ಯಾರಿಗೂ ಏನೂ ತೆಗೆಯಲಾಗದು. ಕೊನೆಗೆ ಸೆಕೆಂಡ್‌ಹ್ಯಾಂಡ್ ಸಿಸಿಡಿ ಫ್ಲಾಟ್‌ಬೆಡ್ ಸ್ಕ್ಯಾನರ್ (ಹಾಳೆ ಸ್ವಲ್ಪ ಎದ್ದರೂ ಫೋಕಸ್ ಹಿಡಿಯುವಂಥದ್ದು) ಏಳೂವರೆ ಸಾವಿರಕ್ಕೆ ಸಿಕ್ಕಿತು, ರ‍್ಯಾಮ್ 8ರಿಂದ 16 ಜಿಬಿಗೆ ಏರಿಸಲು ಎರಡೂವರೆ ಸಾವಿರ. ಎಲ್ಲ ಸೇರಿ 22 ಸಾವಿರದ ಹತ್ತಿರ ಹೋಯಿತು. ಉಪಯೋಗಕ್ಕೆ ಬಂದದ್ದು ಕೊನೆಯ ಹತ್ತು ಸಾವಿರ ಮಾತ್ರ. ಸಾಫ್ಟ್‌ವೇರಿಗೆ ಒಂದು ಪೈಸೆಯೂ ಬೇಡ: ಚಿತ್ರ ತಿದ್ದುವ ಗಿಂಪ್ ಮತ್ತು ಚಿತ್ರ ವಿಶ್ಲೇಷಿಸುವ ಇಮೇಜ್‌ಜೆ, ಎರಡೂ ಪುಕ್ಕಟೆ.

ಉದಾಹರಣೆಗೆ ಒಂದು ಫೋಟೋ ಹಿಡಿದು ಹೇಳುತ್ತೇನೆ. 1970ರ ದಶಕದ ವಾರಪತ್ರಿಕೆಯ ಒಳಪುಟ, ಬಡಗುತಿಟ್ಟು ಯಕ್ಷಗಾನದ ವೇಷಧಾರಿಯೊಬ್ಬರ ಮಂಡಿವರೆಗಿನ ಚಿತ್ರ. ಅಚ್ಚಾದ ಅಳತೆ 9×12 ಸೆಂಟಿಮೀಟರ್. ಅವರ ಮನೆಯವರ ಹತ್ತಿರ ವೇಷದಲ್ಲಿರುವ ಬೇರೆ ಫೋಟೋ ಇಲ್ಲ. ನ್ಯೂಸ್‌ಪ್ರಿಂಟ್ ಹಳದಿ ತಿರುಗಿದೆ, ಹಿಂದಿನ ಪುಟದ ಅಕ್ಷರ ಎದೆಕಟ್ಟಿನ ಮೇಲೆ ಉಲ್ಟಾ ಕಾಣುತ್ತಿದೆ, ಅಡ್ಡಕ್ಕೆ ಒಂದು ಮಡಿಕೆ.

ಸ್ಕ್ಯಾನಿಂಗ್‌ನಲ್ಲೇ ಅರ್ಧ ಕೆಲಸ ಮುಗಿಯಬೇಕು. ಹಾಳೆಯ ಹಿಂದೆ ಕಪ್ಪು ಚಾರ್ಟ್ ಶೀಟ್ ಇಡಿ, ಹದಿನೈದು ರೂಪಾಯಿ ಅಷ್ಟೇ. ಸ್ಕ್ಯಾನರ್ ಮುಚ್ಚಳದ ಒಳಬದಿ ಬಿಳಿ. ತೆಳು ಹಾಳೆಯ ಮೂಲಕ ಹೋದ ಬೆಳಕು ಅಲ್ಲಿಂದ ಹಿಂತಿರುಗಿ ಬರುವಾಗ ಹಿಂಬದಿಯ ಮಸಿಯ ನೆರಳನ್ನೂ ಹೊತ್ತು ತರುತ್ತದೆ. ಕಪ್ಪು ಇಟ್ಟರೆ ಬೆಳಕು ಹಿಂತಿರುಗುವುದೇ ಇಲ್ಲ. ಇಡೀ ಚಿತ್ರ ಸ್ವಲ್ಪ ಮಬ್ಬಾಗುತ್ತದೆ, ಅದು ಕಪ್ಪುಬಿಳಿ ಹೊಂದಿಸುವ ಲೆವೆಲ್ಸ್‌ನಲ್ಲಿ ಸರಿಹೋಗುತ್ತದೆ. ಮಡಿಕೆ ಬಿದ್ದ ಹಾಳೆಯನ್ನು ಎರಡು ದಿನ ದಪ್ಪ ಪುಸ್ತಕಗಳ ಕೆಳಗಿಡಿ. ಇಸ್ತ್ರಿ ಹಾಕಬೇಡಿ. ನಾನು ಹಾಕಿ ಒಂದು ಪುಟ ಕಂದು ಮಾಡಿಕೊಂಡಿದ್ದೇನೆ.

1200 ಡಿಪಿಐ, ಬಣ್ಣದಲ್ಲೇ, ಟಿಫ್‌ನಲ್ಲಿ ತೆಗೆಯಿರಿ. ಸ್ಕ್ಯಾನರಿನ ಡಿಸ್ಕ್ರೀನ್ (ತಾನೇ ಚುಕ್ಕೆ ತೆಗೆಯುವ ಆಯ್ಕೆ), ಶಾರ್ಪನ್, ಆಟೋ ಕಲರ್ ಎಲ್ಲ ಆಫ್. ಪೂರ್ತಿ ಎ4 ತೆಗೆದರೆ 400 ಎಂಬಿ ದಾಟುತ್ತದೆ, ಫೋಟೋದಷ್ಟೇ ಜಾಗ ಆಯ್ದುಕೊಳ್ಳಿ. ಫೋಟೋ ಕಪ್ಪುಬಿಳುಪಾದರೂ ಬಣ್ಣದಲ್ಲಿ ಯಾಕೆ ಅಂದರೆ, ಕೆಂಪು, ಹಸಿರು, ನೀಲಿ ಚಾನೆಲ್ ಬೇರೆ ಮಾಡಿದಾಗ ಕೆಂಪು ಚಾನೆಲ್‌ನಲ್ಲಿ ಹಳದಿ ಕಾಗದ ಹೆಚ್ಚುಕಡಿಮೆ ಬೆಳ್ಳಗೇ ಕಾಣುತ್ತದೆ, ಚಹಾ ಬಣ್ಣದ ಕಲೆಯೂ ಮುಕ್ಕಾಲು ಮಾಯ. ನೀಲಿ ಚಾನೆಲ್‌ನಲ್ಲಿ ಅವೇ ಕಲೆ ಕಪ್ಪಾಗಿ ಕೂತಿರುತ್ತವೆ. ನಾನು ಕೆಂಪು ಚಾನೆಲ್ ಒಂದನ್ನೇ ಇಟ್ಟುಕೊಂಡು ಉಳಿದೆರಡನ್ನು ಬಿಡುತ್ತೇನೆ. ಫೋಟೋದ ಮೇಲೆ ಯಾರೋ ನೀಲಿ ಪೆನ್ನಲ್ಲಿ ಗೀಚಿದ್ದರೆ ಮಾತ್ರ ನೀಲಿ ಚಾನೆಲ್ ಬೇಕು: ಗೀಚು ಅಲ್ಲಿ ತೆಳುವಾಗುತ್ತದೆ, ಅಷ್ಟೇ ಭಾಗವನ್ನು ಮಾಸ್ಕ್ (ಚಿತ್ರದ ಪದರದಲ್ಲಿ ಎಲ್ಲಿ ಕಾಣಬೇಕು, ಎಲ್ಲಿ ಮುಚ್ಚಬೇಕು ಅಂತ ಹೇಳುವ ಮುಸುಕು) ಹಾಕಿ ಎರವಲು ತೆಗೆದುಕೊಳ್ಳುತ್ತೇನೆ.

ಇನ್ನು ಚುಕ್ಕೆ. ನಾನು ನೋಡಿದ ಒಳಪುಟಗಳಲ್ಲಿ ಹೆಚ್ಚಿನವು ಇಂಚಿಗೆ 85ರಿಂದ 100 ಗೆರೆಯ ಸ್ಕ್ರೀನ್, ಅಂದರೆ ಒಂದು ಇಂಚಿನಲ್ಲಿ ಅಷ್ಟು ಸಾಲು ಚುಕ್ಕೆ. 100 ಗೆರೆ ಅಂದರೆ 1200 ಡಿಪಿಐನಲ್ಲಿ ಒಂದು ಚುಕ್ಕೆಗೆ 12 ಪಿಕ್ಸೆಲ್. ಆ ವೇಷಧಾರಿಯ ಕಣ್ಣು ಅಚ್ಚಿನಲ್ಲಿ 2 ಮಿಲಿಮೀಟರ್ ಅಗಲ, ಅಂದರೆ ಎಂಟು ಚುಕ್ಕೆ. ಬ್ಲರ್ ಹಾಕಿ ಚುಕ್ಕೆ ಕರಗಿಸಿದರೆ ಎಂಟೂ ಕರಗಿ ಕಣ್ಣಿದ್ದಲ್ಲಿ ಬೂದಿ ಕಲೆ ಉಳಿಯುತ್ತದೆ. ಗೆಳೆಯರು ಹೇಳುತ್ತಿದ್ದುದು ಇದನ್ನೇ, ಅಷ್ಟರಮಟ್ಟಿಗೆ ಅವರು ಸರಿ. ಆದರೆ ಆ ಎಂಟು ಚುಕ್ಕೆಯನ್ನು 400% ಹಿಗ್ಗಿಸಿ ನೋಡಿ. ಎಲ್ಲವೂ ದುಂಡಗಿಲ್ಲ. ರೆಪ್ಪೆಯ ಅಂಚು ಹಾದುಹೋದಲ್ಲಿ ಚುಕ್ಕೆ ಅರ್ಧಕ್ಕೆ ಕತ್ತರಿಸಿದಂತಿದೆ, ಒಂದು ಚುಕ್ಕೆ ಬಾಲ ಎಳೆದುಕೊಂಡು ಪಕ್ಕದ್ದಕ್ಕೆ ಅಂಟಿದೆ, ಕಪ್ಪುಗುಡ್ಡೆಯ ನಡುವೆ ಒಂದೇ ಒಂದು ಕಡೆ ಮಸಿ ಇಲ್ಲ. ಆ ಖಾಲಿ ಜಾಗವೇ ಕಣ್ಣಿನ ಹೊಳಪು. ಚುಕ್ಕೆಯ ಆಕಾರದೊಳಗೂ ಚಿತ್ರ ಇದೆ. ಅದು 1200ರಲ್ಲಿ ಸಿಗುತ್ತದೆ, 300ರಲ್ಲಿ ಸಿಗುವುದಿಲ್ಲ. ಆದ್ದರಿಂದ ಇಡೀ ಚಿತ್ರಕ್ಕೆ ಒಂದೇ ಮದ್ದು ಕುಡಿಸಬಾರದು. ಮದ್ದು ಬೇರೆ ಬೇರೆ ಪದರದಲ್ಲಿ, ಅಂದರೆ ಲೇಯರ್‌ನಲ್ಲಿರಬೇಕು, ಎಲ್ಲಿ ಎಷ್ಟು ಅಂತ ಮಾಸ್ಕ್ ಹೇಳಬೇಕು.

ಕೆಂಪು ಚಾನೆಲ್‌ನ ಚಿತ್ರವನ್ನು ಮೊದಲೇ ನೇರ ಮಾಡಿ ಕ್ರಾಪ್ ಮಾಡಿಬಿಡಿ. ಆಮೇಲೆ ಅಳತೆ ಬದಲಾದರೆ ಲೇಯರ್ ಒಂದರ ಮೇಲೊಂದು ಕೂರುವುದಿಲ್ಲ. ಈ ಫೋಟೋ ಸುಮಾರು 4250×5670 ಪಿಕ್ಸೆಲ್ ಬಂತು. ಇಮೇಜ್‌ಜೆಯಲ್ಲಿ ತೆರೆದು ಎಫ್‌ಎಫ್‌ಟಿ (ಚಿತ್ರದಲ್ಲಿ ಮತ್ತೆ ಮತ್ತೆ ಬರುವ ವಿನ್ಯಾಸವನ್ನು ಬಿಂದುಗಳಾಗಿ ಬೇರ್ಪಡಿಸಿ ತೋರಿಸುವ ಲೆಕ್ಕ) ಕೊಟ್ಟರೆ 8192 ಪಿಕ್ಸೆಲ್ ಚೌಕ ಸಿಗುತ್ತದೆ. ಕಪ್ಪುಬಿಳುಪಿನ ಸ್ಕ್ರೀನ್ 45 ಡಿಗ್ರಿ ಓರೆಯಾಗಿರುವುದರಿಂದ ನಡುವಿನಿಂದ ಸುಮಾರು 680 ಪಿಕ್ಸೆಲ್ ದೂರದಲ್ಲಿ, ನಾಲ್ಕೂ ಮೂಲೆ ದಿಕ್ಕಿಗೆ, ನಾಲ್ಕು ಬಿಳಿ ನಕ್ಷತ್ರ ಕಾಣುತ್ತವೆ. ಅವು ನಮ್ಮ ಚುಕ್ಕೆಗಳು. ಇನ್ನೂ ನಾಲ್ಕು, ಮೇಲೆ ಕೆಳಗೆ ಎಡ ಬಲಕ್ಕೆ, 960ರ ಆಸುಪಾಸಿನಲ್ಲಿ ಇರುತ್ತವೆ. ಅವನ್ನು ಬಿಟ್ಟರೆ ಚುಕ್ಕೆ ಹೋಗಿ ಜರಡಿ ಉಳಿಯುತ್ತದೆ. ಪ್ರತಿಯೊಂದರ ಮೇಲೂ ವೃತ್ತ ಎಳೆದು ಕಪ್ಪು ತುಂಬಿ ಇನ್‌ವರ್ಸ್ ಕೊಡಿ, ಚಿತ್ರ ವಾಪಸ್ ಬರುತ್ತದೆ. ತುಂಬುವ ಮೊದಲು ಮ್ಯಾಥ್ ಮೆನುವಿನಲ್ಲಿ 1 ಕೂಡಿಸಿಕೊಳ್ಳಿ, ಇಲ್ಲದಿದ್ದರೆ ಮೊದಲೇ ಸೊನ್ನೆ ಇರುವ ಪಿಕ್ಸೆಲ್‌ಗಳನ್ನೂ ಅದು ನಾವು ಬಳಿದದ್ದೆಂದು ತಿಳಿಯುತ್ತದೆ. ನನ್ನ ಮೂರು ದಿನ ಇದರಲ್ಲೇ ಹೋಯಿತು. ವೃತ್ತ ದೊಡ್ಡದಾದರೆ ಕಿರೀಟದ ಅಂಚಿನ ಸುತ್ತ ಅಲೆ ಅಲೆ ಗೆರೆ ಏಳುತ್ತದೆ. ನಕ್ಷತ್ರವೇ ಬಾಲ ಬಿಟ್ಟಂತೆ ಹರಡಿದ್ದರೆ ಹಾಳೆ ಗಾಜಿಗೆ ಸಮನಾಗಿ ಕೂತಿಲ್ಲ ಅಂತ ಅರ್ಥ. ಮತ್ತೆ ಸ್ಕ್ಯಾನ್ ಮಾಡುವುದೇ ಲೇಸು.

ವೇಷಧಾರಿ ಉಟ್ಟ ಕಸೆ ಸೀರೆಯ ವಿಷಯದಲ್ಲಿ ಎಫ್‌ಎಫ್‌ಟಿಯ ಬೆಲೆ ಗೊತ್ತಾಯಿತು. ಸೀರೆಯ ಚೌಕುಳಿ ಅಚ್ಚಿನಲ್ಲಿ ಒಂದೂವರೆ ಮಿಲಿಮೀಟರ್, ಅದರೊಳಗಿನ ಸಣ್ಣ ಗೆರೆ ಒಂದೊಂದು ಚುಕ್ಕೆಯಷ್ಟೇ ದಪ್ಪ. ಬ್ಲರ್ ಹಾಕಿದಾಗಲೆಲ್ಲ ಆ ಗೆರೆ ಸಾಯುತ್ತಿತ್ತು, ಸೀರೆ ಗೋಣಿಚೀಲದಂತೆ ಕಾಣುತ್ತಿತ್ತು. ಎಫ್‌ಎಫ್‌ಟಿಯಲ್ಲಿ ಚೌಕುಳಿಯ ಗುರುತು ನಡುವಿನಿಂದ ನೂರು ಚಿಲ್ಲರೆ ಪಿಕ್ಸೆಲ್‌ನಲ್ಲಿ ನೇರ ಶಿಲುಬೆಯಾಗಿ ನಿಂತಿರುತ್ತದೆ, ಚುಕ್ಕೆ ದೂರದಲ್ಲಿ ಓರೆಯಾಗಿ. ಒಂದನ್ನು ಮುಟ್ಟದೆ ಇನ್ನೊಂದನ್ನು ಅಳಿಸಬಹುದು. ನಡುವಿನ ಸುತ್ತ ಮುನ್ನೂರು ಪಿಕ್ಸೆಲ್ ನಾನು ಮುಟ್ಟುವುದೇ ಇಲ್ಲ.

ಈಗ ಗಿಂಪ್‌ನಲ್ಲಿ ಲೇಯರ್ ಕಟ್ಟುವುದು. ತಳದಲ್ಲಿ ಮೂಲ ಸ್ಕ್ಯಾನ್, ಲಾಕ್ ಮಾಡಿ. ಅದರ ಮೇಲೆ ಎಫ್‌ಎಫ್‌ಟಿ ಪ್ರತಿ. ಅದರ ಮೇಲೆ ಅದೇ ಪ್ರತಿಗೆ 5 ಪಿಕ್ಸೆಲ್ ಗಾಸಿಯನ್ ಬ್ಲರ್, ಕಪ್ಪು ಮಾಸ್ಕ್ ಹಾಕಿ ವೇಷಧಾರಿಯ ಹಿಂದಿನ ಪರದೆ, ನೆಲ, ಕೆನ್ನೆಯ ನಯವಾದ ಭಾಗದಲ್ಲಿ ಮಾತ್ರ ಬಿಳಿ ಬ್ರಶ್. ಅದರ ಮೇಲೆ ಮೂಲದ ಇನ್ನೊಂದು ಪ್ರತಿ, ಒಂದೂವರೆ ಪಿಕ್ಸೆಲ್ ಬ್ಲರ್. ಇದು ಕಣ್ಣು, ಹುಬ್ಬು, ತುಟಿಯ ಗೆರೆ, ಭುಜಕೀರ್ತಿಯ ಕುಸುರಿಗೆ. ಇದರ ಮಾಸ್ಕ್‌ನಲ್ಲಿ 20% ಬ್ರಶ್‌ನಿಂದ ಶುರುಮಾಡಿ ಮೆಲ್ಲಗೆ ಏರಿಸಿ. ಅರ್ಧ ದಾಟಿದರೆ ಚುಕ್ಕೆ ಮತ್ತೆ ಇಣುಕುತ್ತದೆ. ಕಣ್ಣಿನ ಲೇಯರ್‌ಗೆ ನಾನು ಹಾಕುವ ಬ್ಲೆಂಡ್ ಮೋಡ್ (ಕೆಳಗಿನ ಲೇಯರ್ ಜೊತೆ ಬೆರೆಯುವ ರೀತಿ) ನಾರ್ಮಲ್ ಅಲ್ಲ. ಯಾವುದು ಅಂತ ಇಲ್ಲಿ ಬರೆಯುವುದಿಲ್ಲ, ನನ್ನ ಸಂಪಾದನೆ ನಿಂತಿರುವುದೇ ಅದರ ಮೇಲೆ. ಹುಡುಕಿದರೆ ನಿಮಗೂ ಸಿಗುತ್ತದೆ.

ಮಡಿಕೆ, ತೂತು, ಮಸಿ ಹಿಡಿಯದ ಜಾಗಕ್ಕೆ ಖಾಲಿ ಲೇಯರ್ ತೆರೆದು ಕ್ಲೋನ್ ಟೂಲ್, ಸ್ಯಾಂಪಲ್ ಮರ್ಜ್ಡ್ (ಕಾಣುವ ಎಲ್ಲ ಲೇಯರ್ ಸೇರಿಸಿ ನಕಲು ತೆಗೆಯುವ ಆಯ್ಕೆ) ಆನ್. ಹೀಲ್ ಟೂಲ್ ಖಾಲಿ ಲೇಯರ್ ಮೇಲೆ ನನಗೆ ಸರಿ ಬಂದಿಲ್ಲ. ಅದು ಬೇಕಾದರೆ ಕಾಣುವುದೆಲ್ಲವನ್ನೂ ಹೊಸ ಲೇಯರ್ ಮಾಡಿಕೊಂಡು ಅದರ ಮೇಲೆ ಮಾಡಿ. ಬೆಳಕು ನೆರಳಿಗೆ 50% ಬೂದಿ ಲೇಯರ್, ಸಾಫ್ಟ್ ಲೈಟ್, 6% ಬ್ರಶ್. ಎಲ್ಲಕ್ಕೂ ಮೇಲೆ ಕರ್ವ್ಸ್. ಲೆಟರ್‌ಪ್ರೆಸ್ ಬ್ಲಾಕಿನಲ್ಲಿ (ಉಬ್ಬಿದ ಲೋಹದ ಅಚ್ಚಿಗೆ ಮಸಿ ಹಚ್ಚಿ ಒತ್ತುವುದು) ಅಚ್ಚಾದ ಚಿತ್ರದಲ್ಲಿ ಬಿಳಿ ಎಂದೂ ಪೂರ್ತಿ ಬಿಳಿ ಇರುವುದಿಲ್ಲ, ಹೈಲೈಟ್‌ನಲ್ಲೂ ಸೂಜಿಮೊನೆಯಷ್ಟು ಚುಕ್ಕೆ ಉಳಿಸಿರುತ್ತಿದ್ದರು. ಬ್ಲಾಕೋ ಆಫ್‌ಸೆಟ್ಟೋ ತಿಳಿಯಲು ಚುಕ್ಕೆಯ ಅಂಚು ನೋಡಿ: ಬ್ಲಾಕಿನದಾದರೆ ಒತ್ತಡಕ್ಕೆ ಮಸಿ ಹೊರಗೆ ತಳ್ಳಿ ಅಂಚಿನಲ್ಲಿ ದಟ್ಟ ಬಳೆ ಕಟ್ಟಿರುತ್ತದೆ. ಅಂಥದ್ದಕ್ಕೆ ಬಿಳಿ ತುದಿಯನ್ನು ಧಾರಾಳವಾಗಿ ಎಳೆಯಬಹುದು.

ಒಂದು ಎಚ್ಚರಿಕೆ. ಕೆಲಸ ಮಾಡುವಾಗ 100% ಅಥವಾ 50%ರಲ್ಲೇ ನೋಡಿ. 33%ರಲ್ಲಿ ಕಂಪ್ಯೂಟರ್ ಪರದೆಯ ಮೇಲೆ ಕಾಣುವ ಅಲೆ ಎಷ್ಟೋ ಸಲ ಫೈಲಿನಲ್ಲಿ ಇರುವುದೇ ಇಲ್ಲ. ಇಲ್ಲದ ಅಲೆಯನ್ನು ತೆಗೆಯಲು ಹೋಗಿ ಇದ್ದ ಗಡ್ಡದ ಎಳೆ ಕಳೆದುಕೊಳ್ಳುತ್ತೇವೆ.

ನನಗೆ ತುಂಬ ಹಿಡಿಸಿದ ಒಂದು ಪಕ್ಕದ ಪ್ರಯೋಗ: ಅದೇ ಸಂಚಿಕೆಯ ಎರಡನೇ ಪ್ರತಿ ಹುಡುಕುವುದು. ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೇ ಪುಸ್ತಕದವರಲ್ಲಿ ಇಂಥ ಸಂಚಿಕೆ 60–100 ರೂಪಾಯಿಗೆ ಸಿಕ್ಕಿದ್ದಿದೆ. ಎರಡೂ ಪ್ರತಿ ಅಚ್ಚಾದದ್ದು ಒಂದೇ ಬ್ಲಾಕಿನಿಂದ, ಚುಕ್ಕೆ ಚುಕ್ಕೆಗೆ ಹೊಂದುತ್ತದೆ. ಕಲೆ, ಮಡಿಕೆ, ಮಸಿ ತಪ್ಪಿದ ಜಾಗ ಮಾತ್ರ ಬೇರೆ. ಎರಡನ್ನೂ ಲೇಯರ್ ಮಾಡಿ ಹೊಂದಿಸಿ ಲೈಟನ್ ಓನ್ಲಿ ಕೊಟ್ಟರೆ ಕಪ್ಪು ಕಸ ಹೋಗುತ್ತದೆ, ಡಾರ್ಕನ್ ಓನ್ಲಿ ಕೊಟ್ಟರೆ ಬಿಟ್ಟುಹೋದ ಚುಕ್ಕೆ ತುಂಬಿಕೊಳ್ಳುತ್ತದೆ. ಎಲ್ಲಿ ಯಾವುದು ಬೇಕೋ ಮಾಸ್ಕ್ ಮಾಡಿ. ವೇಷಧಾರಿಯ ಬಲಗೈ ಬೆರಳುಗಳು ಪೂರ್ತಿ ಬಂದದ್ದು ಎರಡನೇ ಪ್ರತಿಯಿಂದಲೇ. ಕಾಗದ ಒಂದೊಂದು ಒಂದೊಂದು ಥರ ಹಿಗ್ಗಿರುತ್ತದೆ, ಹಾಗಾಗಿ ಹೊಂದಿಸುವುದಕ್ಕೇ ಒಂದು ಗಂಟೆ ಬೇಕು. ಎಫ್‌ಎಫ್‌ಟಿಗೆ ಮೊದಲೇ ಇದು ಆಗಬೇಕು.

ಬಣ್ಣದ ರಕ್ಷಾಪುಟದ ಕತೆ ಬೇರೆ. ಒಂದು ಬಣ್ಣದ ಅಚ್ಚಿನ ಪ್ಲೇಟ್ ಜರುಗಿ ತುಟಿಯ ಬಣ್ಣ ಗಲ್ಲಕ್ಕೆ ಬಂದಿದ್ದರೆ ಚಾನೆಲ್ ಬೇರ್ಪಡಿಸಿ ಒಂದೊಂದನ್ನು ಲೇಯರ್ ಮಾಡಿಕೊಳ್ಳಿ. ಸಯಾನ್ ಮಸಿ ಮುಖ್ಯವಾಗಿ ಕೆಂಪು ಚಾನೆಲ್‌ನಲ್ಲಿ, ಮೆಜೆಂಟಾ ಹಸಿರಿನಲ್ಲಿ, ಹಳದಿ ನೀಲಿಯಲ್ಲಿ ಕಾಣುತ್ತದೆ. ಜರುಗಿದ ಚಾನೆಲ್ ತಳ್ಳಿ ಕೂರಿಸಿ, 0.3 ಮಿಲಿಮೀಟರ್ ತಪ್ಪಿದ್ದರೆ 14 ಪಿಕ್ಸೆಲ್. ಕಪ್ಪು ಮಸಿ ಮೂರರಲ್ಲೂ ಇರುವುದರಿಂದ ಅಕ್ಷರ ಇದ್ದಲ್ಲಿ ಮಾಸ್ಕ್ ಹಾಕದಿದ್ದರೆ ಅಕ್ಷರಕ್ಕೆ ಬಣ್ಣದ ಅಂಚು ಬರುತ್ತದೆ. ಮೂರು ಚಾನೆಲ್‌ಗೂ ಬೇರೆ ಬೇರೆ ಕೋನ, ಬೇರೆ ಬೇರೆ ಎಫ್‌ಎಫ್‌ಟಿ. ಇದಕ್ಕೆ ನಾನು ಎರಡು ಪಟ್ಟು ದರ ಹೇಳುತ್ತೇನೆ.

ಎಐನಲ್ಲಿ ಹಿಗ್ಗಿಸುವ ಸಲಕರಣೆಗಳನ್ನೂ ನೋಡಿದ್ದೇನೆ. ಎಂಟು ಚುಕ್ಕೆಯ ಕಣ್ಣಿಗೆ ಅದು ಚೆಂದದ ಕಣ್ಣೊಂದನ್ನು ತಂದು ಕೂರಿಸುತ್ತದೆ, ಆದರೆ ಆ ಕಣ್ಣು ಅವರದ್ದಲ್ಲ. ಮನೆಯವರು ನೋಡಿದ ತಕ್ಷಣ "ಇದು ಅಪ್ಪಯ್ಯ ಅಲ್ಲ" ಅಂದರು. ಹಿನ್ನೆಲೆಯ ಪರದೆಯ ಮಡಿಕೆಗೆ ಬಳಸುತ್ತೇನೆ, ಮುಖಕ್ಕೆ ಎಂದಿಗೂ ಇಲ್ಲ.

ಮುಗಿದ ಮೇಲೆ ಅರ್ಧಕ್ಕೆ ಇಳಿಸುತ್ತೇನೆ, 2125×2835. 8 ಇಂಚು ಅಗಲಕ್ಕೆ ಇಂಚಿಗೆ 265 ಪಿಕ್ಸೆಲ್‌ನಷ್ಟು ಬರುತ್ತದೆ, ಸಾಕು. 12×18 ಕೇಳಿದರೆ ಒಪ್ಪಬೇಡಿ. ಒಪ್ಪಿ ಒಂದು ಪ್ರಿಂಟಿನ ದುಡ್ಡು ವಾಪಸ್ ಕೊಟ್ಟಿದ್ದೇನೆ. ಇಳಿಸಿದ ಮೇಲೆ ಬೂದಿ ಲೇಯರ್ ಮೇಲೆ ಸಣ್ಣ ಗ್ರೇನ್, 0.7 ಬ್ಲರ್, ಓವರ್‌ಲೇ 12–15%. ಇದು ಇಲ್ಲದಿದ್ದರೆ ಕೆನ್ನೆ ಮೇಣದಂತೆ, ಕಣ್ಣು ಮರಳಿನಂತೆ ಬೇರೆ ಬೇರೆ ಕಾಣುತ್ತವೆ. ಗ್ರೇನ್ ಎಲ್ಲವನ್ನೂ ಒಂದೇ ಹಾಳೆಗೆ ತರುತ್ತದೆ.

ಮೊದಲ ಫೋಟೋಗೆ ಹನ್ನೊಂದು ಗಂಟೆ ಹಿಡಿದಿತ್ತು, ಈಗ ಎರಡೂವರೆ. ಸಾದಾ ಕಪ್ಪುಬಿಳುಪಿಗೆ 600, ಹರಿದದ್ದಕ್ಕೆ 1,500 ತೆಗೆದುಕೊಳ್ಳುತ್ತೇನೆ. ಲ್ಯಾಬಿಗೆ ಕೊಡುವಾಗ ಆಟೋ ಕರೆಕ್ಷನ್ ಬೇಡ ಅಂತ ಚೀಟಿಯಲ್ಲೇ ಬರೆಸಿ, ಮ್ಯಾಟ್ ಕಾಗದ ಕೇಳಿ. ಅವರ ಯಂತ್ರ ಶಾರ್ಪನ್ ಮಾಡಿಬಿಟ್ಟರೆ ಮಾಸ್ಕ್‌ನಲ್ಲಿ ಅಡಗಿಸಿಟ್ಟ ಚುಕ್ಕೆಯೆಲ್ಲ ಕಣ್ಣಿನ ಸುತ್ತ ಮತ್ತೆ ಎದ್ದು ಕೂರುತ್ತದೆ.